ಮರಳಿನಡಿ ನಲವತ್ತೆರಡು ವರ್ಷ: ‘ಬ್ಯಾಬ್ಸ್’ ಕಾರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

1926ರಲ್ಲಿ ಜಗತ್ತಿನ ಅತಿ ವೇಗದ ಕಾರು ಎನಿಸಿಕೊಂಡ ‘ಬ್ಯಾಬ್ಸ್’ ಮರುವರ್ಷವೇ ತನ್ನ ಚಾಲಕ ಪ್ಯಾರಿ-ಥಾಮಸ್‌ನನ್ನು ಬಲಿ ತೆಗೆದುಕೊಂಡಿತು. ಅಪಘಾತ ನಡೆದ ವೇಲ್ಸ್‌ನ ಪೆಂಡೈನ್ ಕಡಲತೀರದಲ್ಲಿಯೇ ಅದನ್ನು ಮರಳದಿಬ್ಬದೊಳಗೆ ಹೂಳಲಾಯಿತು. 1969ರಲ್ಲಿ ಹೊರತೆಗೆಯಲಾದ ಆ ಅವಶೇಷವು ಮುಂದಿನ ಹದಿನೈದು ವರ್ಷಗಳ ದುಡಿಮೆಯ ಫಲವಾಗಿ ಮತ್ತೆ ಓಡುವ ಕಾರಾಯಿತು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಆಸಕ್ತಿಯುಳ್ಳವರು ಇದರ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಬ್ಯಾಬ್ಸ್ ಯಾವ ಕಂಪನಿಯ ಕಾರು?

ಯಾವ ಕಂಪನಿಯದೂ ಅಲ್ಲ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಕ್ಯಾಂಟರ್ಬರಿ ಸಮೀಪದ ಹೈಯಮ್ ಪಾರ್ಕ್ ಎಂಬ ಬಂಗಲೆಯಲ್ಲಿ ವಾಸವಾಗಿದ್ದ ಕೌಂಟ್ ಲೂಯಿ ಜ್ಬೊರೊವ್‌ಸ್ಕಿ ಎಂಬ ಶ್ರೀಮಂತನಿಗೆ ವಿಮಾನದ ಎಂಜಿನ್‌ಗಳನ್ನು ಕಾರಿಗೆ ಕೂಡಿಸುವ ಹುಚ್ಚಿತ್ತು. ‘ಚಿಟ್ಟಿ ಬ್ಯಾಂಗ್ ಬ್ಯಾಂಗ್’ ಎಂಬ ಹೆಸರಿನಲ್ಲಿ ಅವನು ಕಟ್ಟಿಸಿದ ಕಾರುಗಳು ಆ ಕಾಲದ ರೇಸ್ ಪ್ರಿಯರಿಗೆಲ್ಲ ಪರಿಚಿತವಾಗಿದ್ದವು. ಅವುಗಳ ಸಾಲಿನಲ್ಲಿ ಕೊನೆಯದಾಗಿ ಮತ್ತು ಎಲ್ಲಕ್ಕಿಂತ ದೊಡ್ಡದಾಗಿ ರೂಪುಗೊಂಡದ್ದು ‘ಹೈಯಮ್ ಸ್ಪೆಷಲ್’. ಮುಂದೆ ‘ಬ್ಯಾಬ್ಸ್’ ಆದದ್ದು ಇದೇ ಕಾರು. ಇದರ ಕೆಲಸದಲ್ಲಿ ಕ್ಲೈವ್ ಗ್ಯಾಲಪ್ ಎಂಬ ಎಂಜಿನಿಯರ್ ಅವನ ಜೊತೆಗಿದ್ದನು. ಎಂಜಿನ್ ಅಮೆರಿಕದ ಯುದ್ಧವಿಮಾನಗಳಿಗೆಂದು ತಯಾರಾದದ್ದು. ಗೇರ್‌ಬಾಕ್ಸ್ ಮತ್ತು ಸರಪಳಿ ಚಾಲನೆಯ ವ್ಯವಸ್ಥೆ ಮೊದಲ ಮಹಾಯುದ್ಧಕ್ಕಿಂತ ಹಿಂದಿನ ಜರ್ಮನಿಯ ‘ಬ್ಲಿಟ್ಜೆನ್ ಬೆಂಜ್’ ಕಾರಿನದು. ಹುಟ್ಟಿನಿಂದಲೇ ಇದು ಬೇರೆ ಬೇರೆ ಯಂತ್ರಗಳ ಭಾಗಗಳಿಂದ ಜೋಡಿಸಿದ ಕಾರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ‘ಅಸಲಿ’, ‘ನಕಲಿ’ ಎಂಬ ವಾದ ಬಂದಾಗ ಈ ಸಂಗತಿಯೇ ಮುಖ್ಯವಾಗುತ್ತದೆ.

ವಿಮಾನದ ಎಂಜಿನ್ ಏಕೆ ಬೇಕಾಯಿತು?

ಅಗ್ಗವಾಗಿ ಅಪಾರ ಶಕ್ತಿ ಸಿಗುತ್ತಿದ್ದ ಏಕೈಕ ಮಾರ್ಗ ಅದಾಗಿತ್ತು. 1917ರಲ್ಲಿ ಅಮೆರಿಕವು ಮಹಾಯುದ್ಧಕ್ಕೆ ಇಳಿದಾಗ ಪ್ಯಾಕರ್ಡ್ ಸಂಸ್ಥೆಯ ಜೆಸ್ಸಿ ವಿನ್ಸೆಂಟ್ ಮತ್ತು ಹಾಲ್-ಸ್ಕಾಟ್ ಸಂಸ್ಥೆಯ ಎಲ್ಬರ್ಟ್ ಹಾಲ್ ಸೇರಿ ‘ಲಿಬರ್ಟಿ’ ಎಂಜಿನ್ನಿನ ನಕ್ಷೆ ಸಿದ್ಧಪಡಿಸಿದರು. ‘ವಿ’ ಆಕಾರದಲ್ಲಿ 45 ಡಿಗ್ರಿ ಕೋನದಲ್ಲಿ ನಿಂತ ಹನ್ನೆರಡು ಸಿಲಿಂಡರ್‌ಗಳು, ಪ್ರತಿಯೊಂದಕ್ಕೂ 5 ಇಂಚು ವ್ಯಾಸ ಮತ್ತು 7 ಇಂಚು ಪಿಸ್ಟನ್ ಓಟ. ಒಟ್ಟು ಸಾಮರ್ಥ್ಯ ಸುಮಾರು 27 ಲೀಟರ್. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳ ಎಂಜಿನ್ ಒಂದು ಲೀಟರಿನ ಆಸುಪಾಸಿನಲ್ಲಿರುತ್ತದೆ ಎಂದರೆ ಇದರ ಗಾತ್ರ ಅರ್ಥವಾದೀತು. ಯುದ್ಧ ಮುಗಿದ ಮೇಲೆ ಇಂಥ ಸಾವಿರಾರು ಎಂಜಿನ್‌ಗಳು ಕೇಳುವವರಿಲ್ಲದೆ ಉಳಿದವು. ನೂರಾರು ಅಶ್ವಶಕ್ತಿಯ ರೇಸ್ ಎಂಜಿನ್ನನ್ನು ಹೊಸದಾಗಿ ವಿನ್ಯಾಸಗೊಳಿಸುವುದು ದೊಡ್ಡ ಕಾರ್ಖಾನೆಗಳಿಗೂ ಕಷ್ಟವಾಗಿದ್ದ ಆ ದಿನಗಳಲ್ಲಿ, ಸುಮಾರು 450 ಅಶ್ವಶಕ್ತಿಯ ಸಿದ್ಧ ಎಂಜಿನ್ ಕೈಗೆಟುಕುವ ಬೆಲೆಗೆ ದೊರೆಯುವುದೆಂದರೆ ಸಣ್ಣ ಮಾತಲ್ಲ. ಬ್ರೂಕ್‌ಲ್ಯಾಂಡ್ಸ್ ಓಟಪಥದಲ್ಲಿ ಓಡಿದ ಕಾರುಗಳಲ್ಲೆಲ್ಲ ಅತಿ ದೊಡ್ಡ ಎಂಜಿನ್ ಇದ್ದದ್ದು ಇದಕ್ಕೇ.

ಜ್ಬೊರೊವ್‌ಸ್ಕಿಯ ಕಾರು ಪ್ಯಾರಿ-ಥಾಮಸ್ ಕೈಗೆ ಹೇಗೆ ಬಂತು?

1924ರ ಅಕ್ಟೋಬರ್‌ನಲ್ಲಿ ಇಟಲಿಯ ಮೊನ್ಜಾದಲ್ಲಿ ನಡೆದ ಗ್ರ್ಯಾನ್ ಪ್ರಿ ಸ್ಪರ್ಧೆಯಲ್ಲಿ ಮರ್ಸಿಡಿಸ್ ಓಡಿಸುತ್ತಿದ್ದ ಜ್ಬೊರೊವ್‌ಸ್ಕಿ ಅಪಘಾತದಲ್ಲಿ ತೀರಿಕೊಂಡನು. ಆಗಿನ್ನೂ ಹೈಯಮ್ ಸ್ಪೆಷಲ್‌ನ ಕೆಲಸ ಪೂರ್ತಿಯಾಗಿರಲಿಲ್ಲ. ಅವನ ಆಸ್ತಿಯ ವಿಲೇವಾರಿಯಲ್ಲಿ ಪ್ಯಾರಿ-ಥಾಮಸ್ ಅದನ್ನು 125 ಪೌಂಡಿಗೆ ಕೊಂಡನು. ಪಿಸ್ಟನ್‌ಗಳನ್ನು ತನ್ನದೇ ವಿನ್ಯಾಸದಲ್ಲಿ ಮಾಡಿಸಿ, ನಾಲ್ಕು ಜೆನಿತ್ ಕಾರ್ಬ್ಯುರೇಟರ್‌ಗಳನ್ನು ಅಳವಡಿಸಿ, ಗಾಳಿಯನ್ನು ಸೀಳಿಕೊಂಡು ಹೋಗುವಂತಹ ಹೊಸ ಬಾಡಿ ಕಟ್ಟಿಸಿ, ‘ಬ್ಯಾಬ್ಸ್’ ಎಂಬ ಮುದ್ದಿನ ಹೆಸರಿಟ್ಟನು.

ಪ್ಯಾರಿ-ಥಾಮಸ್ ಯಾರು? ಅವನು ಬರೀ ರೇಸ್ ಚಾಲಕನೇ?

ಅವನನ್ನು ಚಾಲಕನೆಂದಷ್ಟೇ ಪರಿಚಯಿಸುವುದು ಅನ್ಯಾಯ. ಜಾನ್ ಗಾಡ್‌ಫ್ರಿ ಪ್ಯಾರಿ-ಥಾಮಸ್ 1884ರಲ್ಲಿ ವೇಲ್ಸ್‌ನ ರೆಕ್ಸಮ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿ, ವಾಹನಗಳ ವಿದ್ಯುತ್ ಚಾಲನಾ ವ್ಯವಸ್ಥೆಗಳಿಗೆ ಪೇಟೆಂಟ್ ಪಡೆದವನು. ಲಾರಿ ತಯಾರಿಕೆಗೆ ಹೆಸರಾದ ಲೇಲ್ಯಾಂಡ್ ಸಂಸ್ಥೆಯ ಮುಖ್ಯ ಎಂಜಿನಿಯರ್ ಆಗಿದ್ದಾಗ ‘ಲೇಲ್ಯಾಂಡ್ ಎಯ್ಟ್’ ಎಂಬ ಐಷಾರಾಮಿ ಕಾರನ್ನು ರೂಪಿಸಿದನು. ಒಂದೇ ಸಾಲಿನಲ್ಲಿ ಎಂಟು ಸಿಲಿಂಡರ್‌ಗಳಿದ್ದ ಆ ಕಾರು 1920ರಲ್ಲಿ ಜನರ ಮುಂದೆ ಬಂದಾಗ ಎಲ್ಲರ ಮೆಚ್ಚುಗೆ ಗಳಿಸಿತಾದರೂ ಅದರ ದುಬಾರಿ ಬೆಲೆಗೆ ಕೊಳ್ಳುವವರು ಬೆರಳೆಣಿಕೆಯಷ್ಟೇ ಸಿಕ್ಕರು. ಆ ಕಾರನ್ನು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಡಿಸುತ್ತಲೇ ಅವನು ರೇಸ್ ಜಗತ್ತಿಗೆ ಬಂದನು. ಕೊನೆಗೆ ಲೇಲ್ಯಾಂಡ್ ಬಿಟ್ಟು ಓಟಪಥದ ಆವರಣದಲ್ಲೇ ಮನೆ ಮತ್ತು ಕಾರ್ಯಾಗಾರ ಮಾಡಿಕೊಂಡನು.

ಅವನ ಸಹಾಯಕನಾಗಿದ್ದ ರೀಡ್ ರೇಲ್ಟನ್ ಮುಂದೆ ಮಾಲ್ಕಮ್ ಕ್ಯಾಂಪ್‌ಬೆಲ್ ಮತ್ತು ಜಾನ್ ಕಾಬ್ ಅವರ ದಾಖಲೆಯ ಕಾರುಗಳನ್ನು ವಿನ್ಯಾಸಗೊಳಿಸಿದನು. ಥಾಮಸ್‌ನ ಮರಣಾನಂತರ ಅವನ ಕಾರ್ಯಾಗಾರವು ‘ಥಾಮ್ಸನ್ ಅಂಡ್ ಟೇಲರ್’ ಎಂಬ ಹೆಸರಿನಲ್ಲಿ ಮುಂದುವರಿದು 1930ರ ದಶಕದ ಬ್ರಿಟಿಷ್ ವೇಗದ ಕಾರುಗಳಿಗೆ ತವರಾಯಿತು. ಈ ಪರಂಪರೆಯ ಮೂಲಪುರುಷನನ್ನು ಜನ ಅವನ ಸಾವಿನ ರೀತಿಯಿಂದಷ್ಟೇ ನೆನಪಿಟ್ಟಿರುವುದು ವಿಷಾದದ ಸಂಗತಿ.

ದಾಖಲೆಯ ಓಟಕ್ಕೆ ಕಡಲತೀರವೇ ಏಕೆ?

ಬ್ರೂಕ್‌ಲ್ಯಾಂಡ್ಸ್ 1907ರಲ್ಲಿ ಕಟ್ಟಿದ ಕಾಂಕ್ರೀಟ್ ಪಥ. 1920ರ ದಶಕದ ವೇಗಕ್ಕೆ ಅದರ ಉದ್ದ ಸಾಲದು, ಮೇಲ್ಮೈಯೂ ಸಮತಟ್ಟಾಗಿರಲಿಲ್ಲ. ಪೆಂಡೈನ್‌ನ ತೀರವಾದರೋ ಸುಮಾರು 7 ಮೈಲಿ ಉದ್ದಕ್ಕೆ ಚಾಚಿಕೊಂಡಿದೆ, ಇಳಿತದ ಹೊತ್ತಿನಲ್ಲಿ ಒದ್ದೆ ಮರಳು ಗಟ್ಟಿಯಾಗಿ ಹಾಸಿಕೊಳ್ಳುತ್ತದೆ. ದಾಖಲೆಗೆ ಒಂದೇ ದಿಕ್ಕಿನ ಓಟ ಸಾಲುವುದಿಲ್ಲ. ಗಾಳಿಯ ಅನುಕೂಲ ಸರಿದೂಗಲೆಂದು ಎರಡೂ ದಿಕ್ಕಿನಲ್ಲಿ ಓಡಿ ಸರಾಸರಿ ತೆಗೆಯಬೇಕು. ಹಾಗಾಗಿ ವೇಗ ಅಳೆಯುವ ದೂರದ ಎರಡೂ ತುದಿಗೆ ವೇಗ ಏರಿಸಲು ಮತ್ತು ಇಳಿಸಲು ಮೈಲಿಗಟ್ಟಲೆ ಜಾಗ ಬೇಕಾಗುತ್ತಿತ್ತು. ಸಮುದ್ರ ಮತ್ತೆ ಏರಿ ಬರುವ ಮೊದಲೇ ಎಲ್ಲವನ್ನೂ ಮುಗಿಸಬೇಕಾದ್ದರಿಂದ ಚಾಲಕರು ಹವೆಗಾಗಿ ದಿನಗಟ್ಟಲೆ ಕಾಯುತ್ತಿದ್ದರು. 1924ರಿಂದ 1927ರವರೆಗೆ ಭೂವೇಗದ ವಿಶ್ವದಾಖಲೆ ಇಲ್ಲಿ ಐದು ಬಾರಿ ಮುರಿಯಲ್ಪಟ್ಟಿತು: ಮೂರು ಬಾರಿ ಕ್ಯಾಂಪ್‌ಬೆಲ್‌ನಿಂದ, ಎರಡು ಬಾರಿ ಥಾಮಸ್‌ನಿಂದ.

ಬ್ಯಾಬ್ಸ್ ಎಷ್ಟು ವೇಗವಾಗಿ ಓಡಿತು?

1926ರ ಏಪ್ರಿಲ್ 27ರಂದು ಗಂಟೆಗೆ 169.30 ಮೈಲಿ, ಮರುದಿನ ಅದನ್ನೂ ಮೀರಿಸಿ 171.02 ಮೈಲಿ, ಅಂದರೆ ಸುಮಾರು 275 ಕಿಲೋಮೀಟರ್. ಅದೇ ವರ್ಷದ ಮಾರ್ಚ್‌ನಲ್ಲಿ ಹೆನ್ರಿ ಸೀಗ್ರೇವ್ ಸೌತ್‌ಪೋರ್ಟ್ ತೀರದಲ್ಲಿ ಸ್ಥಾಪಿಸಿದ್ದ ದಾಖಲೆ 152.33 ಮೈಲಿ ಮಾತ್ರ. ದಾಖಲೆಗಳು ಸಾಮಾನ್ಯವಾಗಿ ಕೆಲವೇ ಮೈಲಿಗಳ ಅಂತರದಲ್ಲಿ ಏರುತ್ತಿದ್ದ ಕಾಲದಲ್ಲಿ, 125 ಪೌಂಡಿಗೆ ಕೊಂಡ ಅರೆಬರೆ ಕಾರೊಂದು ಎರಡೇ ದಿನಗಳಲ್ಲಿ ಹದಿನೆಂಟು ಮೈಲಿಗೂ ಹೆಚ್ಚು ಮುಂದೆ ಹೋದದ್ದು ಅಸಾಮಾನ್ಯ. ಆದರೆ 1927ರ ಫೆಬ್ರವರಿ 4ರಂದು ಅದೇ ಪೆಂಡೈನ್‌ನಲ್ಲಿ ಕ್ಯಾಂಪ್‌ಬೆಲ್ ತನ್ನ ‘ಬ್ಲೂ ಬರ್ಡ್’ ಕಾರಿನಲ್ಲಿ 174.88 ಮೈಲಿ ತಲುಪಿದನು.

ಅಪಘಾತ ಹೇಗಾಯಿತು? ಸರಪಳಿ ತುಂಡಾಗಿ ಚಾಲಕನ ತಲೆಗೆ ಬಡಿಯಿತು ಎನ್ನುವುದು ನಿಜವೇ?

ದಾಖಲೆಯನ್ನು ಮರಳಿ ಪಡೆಯಲು ಥಾಮಸ್ ಮಾರ್ಚ್ 3ರಂದು ಪೆಂಡೈನ್‌ನಲ್ಲಿ ಓಡಿದನು. ವೇಗದ ಓಟದ ನಡುವೆ ಕಾರು ಹತೋಟಿ ತಪ್ಪಿ ಉರುಳಿತು. ಅವನು ಸ್ಥಳದಲ್ಲೇ ಸತ್ತನು. ಆಗ ಅವನಿಗೆ 42 ವರ್ಷ. ಭೂವೇಗದ ದಾಖಲೆಯ ಪ್ರಯತ್ನದಲ್ಲಿ ಪ್ರಾಣ ಕಳೆದುಕೊಂಡ ಮೊದಲ ಚಾಲಕ ಅವನೇ.

ಬ್ಯಾಬ್ಸ್‌ನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ತಲುಪುತ್ತಿದ್ದದ್ದು ಚಾಲಕನ ಆಚೀಚೆ ಸಾಗುವ ಎರಡು ದಪ್ಪ ಸರಪಳಿಗಳ ಮೂಲಕ. ಎಂಜಿನ್ನಿನ ಮುಚ್ಚಳ ಎತ್ತರವಾಗಿದ್ದರಿಂದ ಥಾಮಸ್ ಮುಂದಿನ ದಾರಿ ಕಾಣಲು ತಲೆಯನ್ನು ಒಂದು ಬದಿಗೆ ವಾಲಿಸಿಕೊಂಡು ಓಡಿಸಬೇಕಾಗಿತ್ತು. ಬಲಗಡೆಯ ಸರಪಳಿ ತುಂಡಾಗಿ ಮೇಲಕ್ಕೆ ಚಿಮ್ಮಿ ಅವನ ತಲೆಗೆ ಬಡಿಯಿತು ಎಂಬ ವಿವರಣೆ ಅಂದಿನಿಂದಲೇ ಹಬ್ಬಿತು, ಇಂದಿಗೂ ಬಹಳ ಜನ ಅದನ್ನೇ ಹೇಳುತ್ತಾರೆ. ಹಿಂದಿನ ಬಲಚಕ್ರ ಮೊದಲು ಮುರಿಯಿತು, ಸರಪಳಿಯ ಹಾನಿ ಅದರ ಪರಿಣಾಮವಷ್ಟೇ ಎಂಬುದು ಇನ್ನೊಂದು ವಾದ. ಕಾರು ಉರುಳಿದಾಗಲೇ ಥಾಮಸ್‌ಗೆ ಪ್ರಾಣಾಂತಿಕ ಪೆಟ್ಟಾಯಿತು ಎನ್ನುವವರೂ ಇದ್ದಾರೆ. ಚಕ್ರದ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಸರಪಳಿಯೊಂದು ತುಂಡಾದರೆ ಶಕ್ತಿ ಕುಂದಬಹುದು, ಕಾರು ಒಂದು ಬದಿಗೆ ಎಳೆಯಲೂಬಹುದು. ಆದರೆ ಅಷ್ಟು ಭಾರದ ಕಾರು ಉರುಳಿಬೀಳಲು ಹಿಂದಿನ ಚಕ್ರವೊಂದು ಕುಸಿಯುವುದು ಹೆಚ್ಚು ನೇರವಾದ ಕಾರಣ. ಹೀಗಿದ್ದರೂ ಸರಪಳಿಯ ಕಥೆಯೇ ಉಳಿದುಕೊಂಡದ್ದು ಅದರ ಭೀಕರತೆಯಿಂದಾಗಿ ಇರಬೇಕು.

ಕಾರನ್ನು ಏಕೆ ಹೂತರು?

ಗೆಳೆಯನ ಸಾವಿಗೆ ಕಾರಣವಾದ ಯಂತ್ರವನ್ನು ಮತ್ತೆ ಯಾರೂ ಓಡಿಸಬಾರದು, ಮಾರಬಾರದು, ಪ್ರದರ್ಶನಕ್ಕಿಡಲೂ ಬಾರದು ಎಂಬ ಭಾವನೆ ಥಾಮಸ್‌ನ ಆಪ್ತರಲ್ಲಿತ್ತು. ಥಾಮಸ್‌ನ ದೇಹವನ್ನು ಬ್ರೂಕ್‌ಲ್ಯಾಂಡ್ಸ್‌ಗೆ ಹತ್ತಿರದ ಬೈಫ್ಲೀಟ್‌ನ ಚರ್ಚಿನ ಅಂಗಳದಲ್ಲಿ ಸಮಾಧಿ ಮಾಡಲಾಯಿತು. ಕಾರನ್ನು ಪೆಂಡೈನ್‌ನ ಮರಳದಿಬ್ಬದಲ್ಲಿ ಗುಂಡಿ ತೋಡಿ ಮುಚ್ಚಲಾಯಿತು. ಅದೇ ತಿಂಗಳ 29ರಂದು ಸೀಗ್ರೇವ್ ಅಮೆರಿಕದ ಡೇಟೋನಾ ತೀರದಲ್ಲಿ ಗಂಟೆಗೆ 203.79 ಮೈಲಿ ಮುಟ್ಟಿದನು. ಅಲ್ಲಿಂದ ಮುಂದೆ ವಿಶ್ವದಾಖಲೆಯ ಓಟಗಳು ಪೆಂಡೈನ್‌ಗೆ ಮರಳಲಿಲ್ಲ. ಹೂತ ಕಾರು ಕೆಲವೇ ವಾರಗಳಲ್ಲಿ ವೇಗದ ಲೆಕ್ಕದಲ್ಲಿಯೂ ಹಳೆಯದಾಗಿಬಿಟ್ಟಿತ್ತು.

ಅದನ್ನು ಹುಡುಕಿದವರು ಯಾರು?

ಓವೆನ್ ವಿನ್ ಓವೆನ್. ಉತ್ತರ ವೇಲ್ಸ್‌ನ ಕ್ಯಾಪೆಲ್ ಕ್ಯೂರಿಗ್ ಎಂಬ ಹಳ್ಳಿಯವರು, ಬ್ಯಾಂಗರ್ ತಾಂತ್ರಿಕ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದವರು. ಬ್ಯಾಬ್ಸ್ ಪೆಂಡೈನ್‌ನಲ್ಲಿ ಹೂತಿದೆ ಎಂಬುದು ಗುಟ್ಟೇನೂ ಆಗಿರಲಿಲ್ಲ. ಊರವರಿಗೆಲ್ಲ ಗೊತ್ತಿದ್ದ ಸಂಗತಿ. ತೊಡಕು ಬೇರೆಯೇ ಇತ್ತು. ಗಾಳಿಗೆ ಸರಿಯುವ ಮರಳದಿಬ್ಬದಲ್ಲಿ ನಲವತ್ತು ವರ್ಷಗಳ ಹಿಂದಿನ ಗುಂಡಿಯ ಗುರುತು ಉಳಿಯುವುದಿಲ್ಲ. ಮೇಲಾಗಿ, ಆ ಹೊತ್ತಿಗೆ ಆ ಜಾಗ ಶಸ್ತ್ರಾಸ್ತ್ರಗಳನ್ನು ಪರೀಕ್ಷಿಸುವ ಸೇನಾ ನೆಲೆಯೊಳಗೆ ಸೇರಿತ್ತು. ಆದ್ದರಿಂದ ಸಲಿಕೆ ಹಿಡಿಯುವುದಕ್ಕೆ ಮೊದಲು ಅವರು ಪತ್ರವ್ಯವಹಾರ ನಡೆಸಿ ಅನುಮತಿ ಗಿಟ್ಟಿಸಬೇಕಾಯಿತು. 1969ರಲ್ಲಿ ಕಾರು ಹೊರಬಂತು.

ಸಮಾಧಿಯನ್ನು ಕೆದಕಿದ್ದಕ್ಕೆ ವಿರೋಧ ಬರಲಿಲ್ಲವೇ?

ಬಂತು. ಸತ್ತವನ ಗೌರವಕ್ಕೆಂದು ಹೂತದ್ದನ್ನು ತೆಗೆಯುವುದು ತಪ್ಪು ಎಂಬ ಮಾತು ಸ್ಥಳೀಯವಾಗಿ ಕೇಳಿಬಂತು, ಮತ್ತು ಅದು ತಳ್ಳಿಹಾಕುವಂಥ ಮಾತೂ ಅಲ್ಲ. ಆದರೆ ಥಾಮಸ್‌ನ ಸಮಾಧಿ ಇರುವುದು ಬೈಫ್ಲೀಟ್‌ನಲ್ಲಿ. ಪೆಂಡೈನ್‌ನಲ್ಲಿದ್ದದ್ದು ಅವನ ಕೆಲಸ. ಎಂಜಿನಿಯರ್ ಒಬ್ಬನ ಕೆಲಸ ಮರಳಿನಲ್ಲಿ ಕರಗಿಹೋಗುವುದರಿಂದ ಅವನ ಗೌರವ ಹೆಚ್ಚುವುದಿಲ್ಲ ಎಂದು ನಾನು ಭಾವಿಸುತ್ತೇನೆ. ಇನ್ನು ಕೆಲವು ದಶಕ ಬಿಟ್ಟಿದ್ದರೆ ತೆಗೆಯಲು ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಕಾರು ಯಾವ ಸ್ಥಿತಿಯಲ್ಲಿ ಸಿಕ್ಕಿತು?

ಬಾಡಿ ತೀರಾ ಜೀರ್ಣವಾಗಿತ್ತು. ಆದರೆ ಯಂತ್ರಭಾಗಗಳಲ್ಲಿ ಬಹಳಷ್ಟು ಉಳಿಸಿಕೊಳ್ಳಬಹುದಾಗಿದ್ದವು. ಇದು ಆಶ್ಚರ್ಯವಲ್ಲ. ತೆಳು ತಗಡಿಗೆ ತುಕ್ಕು ಎರಡೂ ಬದಿಯಿಂದ ಹಿಡಿದು ಬೇಗ ತೂತಾಗಿಸುತ್ತದೆ. ದಪ್ಪ ಉಕ್ಕಿನ ದಂಡ, ಗೇರು, ಚಾಸಿಯ ತೊಲೆಗಳ ಮೇಲ್ಮೈ ಮಾತ್ರ ತಿಂದುಹೋಗಿ ಒಳಗಿನ ಲೋಹ ಉಳಿದಿರುತ್ತದೆ. ಎಣ್ಣೆ, ಗ್ರೀಸುಗಳಲ್ಲಿ ಮುಳುಗಿದ್ದ ಭಾಗಗಳಿಗೆ ಅದೇ ರಕ್ಷಣೆ. ಉಪ್ಪಿನ ತೇವದಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿರುವ ಕಡೆ ಸಣ್ಣ ವಿದ್ಯುತ್ಕೋಶದಂತಹ ಕ್ರಿಯೆ ನಡೆದು ಅಲ್ಯೂಮಿನಿಯಂ ಮೊದಲು ಕೊರೆದುಹೋಗುತ್ತದೆ.

ಅಗೆದು ತೆಗೆದ ಮೇಲೆ ಹಾನಿ ನಿಲ್ಲುತ್ತದೆ ಎಂದು ಹಲವರು ತಿಳಿಯುತ್ತಾರೆ. ವಾಸ್ತವ ಇದಕ್ಕೆ ವಿರುದ್ಧ. ಮರಳಿನ ಆಳದಲ್ಲಿ ಆಮ್ಲಜನಕ ಕಡಿಮೆಯಿದ್ದು ತುಕ್ಕು ನಿಧಾನಗೊಂಡಿರುತ್ತದೆ. ಹೊರಗಿನ ಗಾಳಿ ತಾಗಿದೊಡನೆ ಲೋಹದ ರಂಧ್ರಗಳಲ್ಲಿ ಸೇರಿಕೊಂಡ ಉಪ್ಪಿನ ಅಂಶ ಮತ್ತೆ ಕೆಲಸ ಶುರುಮಾಡುತ್ತದೆ. ಕಡಲಲ್ಲಿ ಅಥವಾ ಕಡಲತಡಿಯಲ್ಲಿ ಸಿಕ್ಕ ಕಬ್ಬಿಣದ ವಸ್ತುಗಳನ್ನು ಸಂರಕ್ಷಿಸುವವರು ಮೊದಲು ಈ ಉಪ್ಪನ್ನು ತೊಳೆದು ತೆಗೆಯಲು ಒದ್ದಾಡುವುದು ಇದೇ ಕಾರಣಕ್ಕೆ. ಇಂಥ ಅವಶೇಷವನ್ನು ಹೊರತೆಗೆದು ಶೆಡ್ಡಿನಲ್ಲಿಟ್ಟು ‘ಮುಂದೆ ನೋಡೋಣ’ ಎನ್ನುವುದಕ್ಕಿಂತ ಅಗೆಯದೇ ಬಿಡುವುದು ಮೇಲು.

ಪುನರ್ನಿರ್ಮಾಣಕ್ಕೆ ಏಕೆ ಹದಿನೈದು ವರ್ಷ ಹಿಡಿಯಿತು?

ಓವೆನ್ ಅವರ ಹಿಂದೆ ದೊಡ್ಡ ಕಾರ್ಖಾನೆ ಇರಲಿಲ್ಲ. ಮೇಷ್ಟ್ರ ಕೆಲಸದ ಬಿಡುವಿನಲ್ಲಿ ಮಾಡಿದ್ದು. ಕಾರ್ಖಾನೆಯ ಕಾರಾದರೆ ಅದೇ ಮಾದರಿಯ ಇನ್ನೊಂದನ್ನು ನೋಡಿ ಅಳತೆ ತೆಗೆಯಬಹುದು, ಆ ಕಾರಿನ ಮಾಲೀಕರ ಸಂಘದವರಿಂದ ಬಿಡಿಭಾಗ ತರಿಸಬಹುದು. ಬ್ಯಾಬ್ಸ್ ಒಂದೇ ಒಂದು. ಬಾಡಿಯನ್ನು ಹಳೆಯ ಛಾಯಾಚಿತ್ರ ಮತ್ತು ಉಳಿದ ತುಣುಕುಗಳ ಆಧಾರದ ಮೇಲೆ ಹೊಸದಾಗಿ ರೂಪಿಸಬೇಕು. ಬಾಗಿದ ಭಾಗಗಳನ್ನು ನೇರಮಾಡಬೇಕು. ಕಚ್ಚಿಕೊಂಡ ಪಿಸ್ಟನ್ ಮತ್ತು ಬೋಲ್ಟುಗಳನ್ನು ಒಡೆಯದೆ ಬಿಡಿಸಬೇಕು. ಈ ಕೊನೆಯದು ತಾಳ್ಮೆಯ ಪರೀಕ್ಷೆ. ಹಳೆಯ ಬೋಲ್ಟನ್ನು ಬಲ ಹಾಕಿ ತಿರುಗಿಸಿದರೆ ತಲೆ ಕಿತ್ತುಬರುತ್ತದೆ, ಆಮೇಲೆ ಅದನ್ನು ಕೊರೆದು ತೆಗೆಯುವುದೇ ಒಂದು ಕೆಲಸ. ಕಾಯಿಸಿ, ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಕೂದಲೆಳೆಯಷ್ಟು ಅಲುಗಾಡಿಸುತ್ತ ಹೋಗುವುದೇ ದಾರಿ. ಲಿಬರ್ಟಿ ಎಂಜಿನ್‌ಗಳು ಇಪ್ಪತ್ತು ಸಾವಿರದಷ್ಟು ತಯಾರಾಗಿದ್ದವು ಎಂಬುದೊಂದೇ ಇಲ್ಲಿನ ಅನುಕೂಲ.

ಇಷ್ಟೆಲ್ಲ ಬದಲಾದ ಮೇಲೆ ಇದನ್ನು ಅಸಲಿ ಬ್ಯಾಬ್ಸ್ ಎನ್ನಬಹುದೇ?

ಹಳೆಯ ಕಾರುಗಳ ಲೋಕದಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವ ಪ್ರಶ್ನೆ ಇದು. ಲಂಡನ್ನಿನ ನ್ಯಾಯಾಲಯವೂ ಒಮ್ಮೆ ಇದಕ್ಕೆ ಉತ್ತರಿಸಬೇಕಾಯಿತು. 1929 ಮತ್ತು 1930ರ ಲ ಮಾನ್ಸ್ ಸ್ಪರ್ಧೆಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಸಂಸ್ಥೆಯೊಂದು, ಅದರಲ್ಲಿ ಮೂಲ ಭಾಗಗಳೇ ಇಲ್ಲವೆಂದು ಹಿಂದೆ ಸರಿಯಿತು. 1990ರಲ್ಲಿ ತೀರ್ಪು ಮಾರಾಟಗಾರನ ಪರವಾಗಿ ಬಂತು. ಆ ಕಾರು ರೇಸುಗಳಲ್ಲಿ ಓಡುತ್ತ, ಭಾಗಗಳನ್ನು ಬದಲಿಸಿಕೊಳ್ಳುತ್ತ ಬಂದಿದ್ದರೂ ಅದರ ಬಾಳು ಎಲ್ಲಿಯೂ ಕಡಿದುಹೋಗಿರಲಿಲ್ಲ, ಅದರ ಹೆಸರಿಗೆ ಹಕ್ಕುದಾರನಾದ ಇನ್ನೊಂದು ಕಾರೂ ಇರಲಿಲ್ಲ ಎಂಬುದು ಅದರ ಸಾರ.

ಈ ಅಳತೆಗೋಲು ಬ್ಯಾಬ್ಸ್‌ಗೆ ಇನ್ನೂ ಸುಲಭವಾಗಿ ಒಪ್ಪುತ್ತದೆ. ಹೂತದ್ದು ಯಾವುದೋ ಹೊರತೆಗೆದದ್ದೂ ಅದೇ. ನಡುವಿನ ನಲವತ್ತೆರಡು ವರ್ಷ ಅದು ಕೈಬದಲಾಗುವ ಪ್ರಶ್ನೆಯೇ ಇರಲಿಲ್ಲ. ಹೊಸ ಬಾಡಿ ಹಾಕಿದ್ದು ಮೂಲಕ್ಕೆ ಅಪಚಾರ ಎನ್ನುವವರು, ಥಾಮಸ್ ಕೂಡ ಜ್ಬೊರೊವ್‌ಸ್ಕಿಯ ಬಾಡಿಯನ್ನು ಕಿತ್ತು ತನ್ನದನ್ನು ಹಾಕಿದನೆಂಬುದನ್ನು ಮರೆಯಬಾರದು.

ಅಗೆದ ಸ್ಥಿತಿಯಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದಿತ್ತಲ್ಲವೇ?

ಇಂದಾಗಿದ್ದರೆ ಹಾಗೆ ಸಲಹೆ ಕೊಡುವವರು ಬಹಳ ಜನ ಇರುತ್ತಿದ್ದರು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐವಿಎ 2012ರಲ್ಲಿ ಅಂಗೀಕರಿಸಿದ ‘ಟ್ಯೂರಿನ್ ಸನ್ನದು’ ಇರುವುದನ್ನು ಉಳಿಸಿಕೊಳ್ಳುವುದಕ್ಕೆ ಮೊದಲ ಪ್ರಾಶಸ್ತ್ಯ ಕೊಡುತ್ತದೆ. ಹೊಸ ಭಾಗ ಸೇರಿಸುವುದಾದರೆ ಅದರ ದಾಖಲೆ ಇಡಬೇಕೆನ್ನುತ್ತದೆ. 1969ರಲ್ಲಿ ಇಂಥ ಸನ್ನದು ಇರಲಿಲ್ಲ. ಪುನರ್ನಿರ್ಮಾಣದಲ್ಲಿ ಅಪಘಾತದ ಸಾಕ್ಷ್ಯ ಕೊಂಚವಾದರೂ ಅಳಿಯುವುದು ಅನಿವಾರ್ಯ. ಅದು ನಿಜವಾದ ನಷ್ಟ. ಆದರೂ ಓವೆನ್ ಮಾಡಿದ್ದೇ ಸರಿ ಎಂಬುದು ನನ್ನ ನಿಲುವು. ತುಕ್ಕುಹಿಡಿದ ರಾಶಿ ಥಾಮಸ್‌ನ ಸಾವನ್ನು ಮಾತ್ರ ತೋರಿಸುತ್ತಿತ್ತು. ಓಡುವ ಕಾರು ಅವನ ಎಂಜಿನಿಯರಿಂಗನ್ನು ತೋರಿಸುತ್ತದೆ.

‘ವಿಂಟೇಜ್’ ಎಂಬ ವರ್ಗಕ್ಕೆ ಬ್ಯಾಬ್ಸ್ ಸೇರುತ್ತದೆಯೇ?

ಸೇರುತ್ತದೆ. ಬ್ರಿಟನ್ನಿನ ವಾಡಿಕೆಯಲ್ಲಿ 1919ರಿಂದ 1930ರ ಕೊನೆಯವರೆಗೆ ತಯಾರಾದವು ವಿಂಟೇಜ್, 1904ರವರೆಗಿನವು ವೆಟರನ್, ಈ ಎರಡರ ನಡುವಿನವು ಎಡ್ವರ್ಡಿಯನ್. ಎರಡನೆಯ ಮಹಾಯುದ್ಧಕ್ಕೆ ಹಿಂದಿನ ಎಲ್ಲವನ್ನೂ ಒಟ್ಟಾಗಿ ಯುದ್ಧಪೂರ್ವ ಕಾರುಗಳೆನ್ನುತ್ತಾರೆ.

ಬ್ಯಾಬ್ಸ್ ಈಗ ಎಲ್ಲಿದೆ? ಓಡುತ್ತದೆಯೇ?

ಎಂಜಿನ್ ಚಾಲೂ ಆಗುತ್ತದೆ, ಹಳೆಯ ಕಾರುಗಳ ಮೇಳಗಳಲ್ಲಿ ಜನರೆದುರು ಅದನ್ನು ಚಾಲೂ ಮಾಡಿದ್ದಾರೆ. ಓವೆನ್ 2012ರಲ್ಲಿ ತೀರಿಕೊಂಡರು.  ಪೆಂಡೈನ್‌ನಲ್ಲಿ 2023ರಲ್ಲಿ ತೆರೆದ ಭೂವೇಗ ವಸ್ತುಸಂಗ್ರಹಾಲಯ ಮತ್ತು ಇಂಗ್ಲೆಂಡಿನ ಸರ್ರಿ ಪ್ರಾಂತ್ಯದ ಬ್ರೂಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯ ಇವೆರಡೂ ಈ ಕಾರಿನ ಪ್ರದರ್ಶನಕ್ಕೆ ಹೆಸರಾದ ತಾಣಗಳು. ಕಾರು ವರ್ಷವಿಡೀ ಒಂದೇ ಕಡೆ ಇರುವುದಿಲ್ಲ. ಲಂಡನ್ನಿನಿಂದ ಬ್ರೂಕ್‌ಲ್ಯಾಂಡ್ಸ್‌ಗೆ ಹೋಗಿಬರಲು ಅರ್ಧ ದಿನ ಸಾಕು. ಪೆಂಡೈನ್ ಪಶ್ಚಿಮ ವೇಲ್ಸ್‌ನ ಕಾರ್ಮಾರ್ಥೆನ್ ಪ್ರಾಂತ್ಯದ ಕಡಲಂಚಿನಲ್ಲಿರುವುದರಿಂದ ಅದು ದಿನಗಟ್ಟಲೆಯ ಪ್ರವಾಸ. ಹೊರಡುವ ಮುನ್ನ ಸಂಗ್ರಹಾಲಯಕ್ಕೆ ಫೋನ್ ಮಾಡಿ ಕಾರು ಅಲ್ಲೇ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಪೆಂಡೈನ್‌ಗೇ ಹೋಗುವುದಾದರೆ ಕಡಲ ಇಳಿತದ ವೇಳೆಯನ್ನೂ ನೋಡಿಕೊಂಡರೆ ಓಟ ನಡೆದ ಮರಳಿನ ಮೇಲೆ ನಡೆದಾಡಬಹುದು. ತೀರದ ಒಂದು ಭಾಗ ಇಂದಿಗೂ ಸೇನೆಯ ವಶದಲ್ಲಿದ್ದು, ಗುಂಡಿನ ಪರೀಕ್ಷೆ ನಡೆಯುವಾಗ ಅತ್ತ ಪ್ರವೇಶವಿರುವುದಿಲ್ಲ.